ಬಚ್ಚಲ ಕೊಳೆ: ಹುಳಿಗೆ ಬಗ್ಗುವುದು ಯಾವುದು, ಸೋಡಾಕ್ಕೆ ಬಗ್ಗುವುದು ಯಾವುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಶವರ್ ಮತ್ತು ಅದರ ಸುತ್ತಲಿನ ಟೈಲ್ಸ್, ಗಾಜು, ನಲ್ಲಿಗಳಿಗೆ ಸಂಬಂಧಿಸಿದವು. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ. ಉತ್ತರಗಳಲ್ಲಿ ವಿನೆಗರ್ ಎಂದರೆ ಬಣ್ಣವಿಲ್ಲದ ಬಿಳಿ ವಿನೆಗರ್; ಬಾಟಲಿಯ ಮೇಲೆ 4ರಿಂದ 5 ಪ್ರತಿಶತ ಎಂದು ಬರೆದಿರುವುದು. ಸೋಡಾ ಎಂದಷ್ಟೇ ಬರೆದಿದ್ದರೆ ಅಡುಗೆ ಸೋಡಾ. ಚಮಚ ಎಂದರೆ 5 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ.

ಪ್ರಶ್ನೆ: ಸೋಡಾ, ವಿನೆಗರ್ ಎರಡನ್ನೂ ಬೆರೆಸಿ ಶವರ್ ಗೋಡೆಗೆ ಬಳಿದೆ. ಬುಸ್ಸೆಂದು ನೊರೆ ಬಂತು, ಆದರೆ ಬಿಳಿ ಕಲೆ ಇದ್ದಲ್ಲೇ ಇದೆ. ಅಳತೆ ತಪ್ಪಿತೇ?

ಉತ್ತರ: ಅಳತೆ ಎಷ್ಟಿದ್ದರೂ ಇದೇ ಗತಿ. ವಿನೆಗರ್ ಹುಳಿ, ಸೋಡಾ ಕ್ಷಾರ. ಬೆರೆಸಿದ ಕೂಡಲೇ ಒಂದು ಇನ್ನೊಂದರ ಸತ್ವವನ್ನು ಮುರಿಯುತ್ತದೆ. ಆಗ ಏಳುವ ನೊರೆ ಬರಿಯ ಇಂಗಾಲದ ಡೈಆಕ್ಸೈಡ್. ನೋಡಲು ಚೆಂದ, ಕೆಲಸಕ್ಕೆ ಸೊನ್ನೆ.

ಲೆಕ್ಕ ಹಾಕಿ ನೋಡಿ. 5 ಪ್ರತಿಶತದ 100 ಮಿ.ಲೀ. ವಿನೆಗರ್‌ನಲ್ಲಿ 5 ಗ್ರಾಂ ಅಸಿಟಿಕ್ ಆಸಿಡ್ ಇರುತ್ತದೆ. ಆ ಹುಳಿಯನ್ನು ಪೂರ್ತಿ ಮುರಿಯಲು 7 ಗ್ರಾಂ ಸೋಡಾ ಸಾಕು. ಅಂದರೆ ಸುಮಾರು ಒಂದೂವರೆ ಚಮಚ. ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಸೋಡಾ ಇನ್ನೂ ಹೆಚ್ಚಾಗಿದ್ದರೆ ತಳದಲ್ಲಿ ಒಂದಿಷ್ಟು ಪುಡಿ. ನೀವು ಗೋಡೆಗೆ ಬಳಿದದ್ದು ಹೆಚ್ಚುಕಡಿಮೆ ಅದನ್ನೇ.

ಗೋಡೆಯ ಬಿಳಿ ಕಲೆಯನ್ನು ಜನ ಉಪ್ಪು ಕಟ್ಟಿದೆ ಎನ್ನುತ್ತಾರೆ. ಅದರಲ್ಲಿ ಬಹುಪಾಲು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸು ನೀರು ಆರಿದಲ್ಲೆಲ್ಲ ಅದು ಪದರ ಪದರವಾಗಿ ಕೂರುತ್ತದೆ. ಇದನ್ನು ಕರಗಿಸುವುದು ಹುಳಿ ಮಾತ್ರ. ಆದ್ದರಿಂದ ವಿನೆಗರ್ ಒಂದನ್ನೇ ಹಚ್ಚಿ 10 ನಿಮಿಷ ಬಿಡಿ, ತಿಕ್ಕಿ, ತೊಳೆಯಿರಿ. ಆಮೇಲೂ ಒರಟು ಉಳಿದಿದ್ದರೆ ಒದ್ದೆ ಬಟ್ಟೆಗೆ ಸೋಡಾ ಉದುರಿಸಿಕೊಂಡು ಉಜ್ಜಿ. ಹೀಗೆ ಒಂದರ ನಂತರ ಒಂದು, ನಡುವೆ ನೀರು ಹಾಕಿ ತೊಳೆದು ಬಳಸಿದರೆ ಎರಡೂ ತಂತಮ್ಮ ಕೆಲಸ ಮಾಡುತ್ತವೆ. ಸೋಡಾದ ಕಣ ಗಾಜು, ಟೈಲ್ಸ್‌ಗಿಂತ ಬಹಳ ಮೆದು. ಹಾಗಾಗಿ ಗೀರು ಬೀಳದಂತೆ ಉಜ್ಜಲು ಅದು ಒಳ್ಳೆಯ ಪುಡಿ.

ಇನ್ನೊಂದು ಮಾತು. ಈ ಎರಡನ್ನು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿದಿಟ್ಟರೆ ಒಳಗೆ ಅನಿಲ ಒತ್ತಿಕೊಂಡು ಬಾಟಲಿ ಸಿಡಿಯಬಹುದು.

ಪ್ರಶ್ನೆ: ವಾರಕ್ಕೊಮ್ಮೆ ತೊಳೆಯಲು ಮನೆಯಲ್ಲೇ ಮಾಡಿಕೊಳ್ಳುವ ಒಂದು ದ್ರಾವಣ ಹೇಳಿ. ಬರಿ ವಿನೆಗರ್ ಹಾಕಿದರೆ ಗೋಡೆಯ ಜಿಡ್ಡು ಹೋಗುತ್ತಿಲ್ಲ.

ಉತ್ತರ: ಗೋಡೆಯ ಮೇಲಿರುವುದು ಎರಡು ಬಗೆಯ ಕೊಳೆ. ಒಂದು, ಮೇಲೆ ಹೇಳಿದ ಸುಣ್ಣ. ಇನ್ನೊಂದು ಬೂದು ಬಣ್ಣದ, ಉಗುರಲ್ಲಿ ಕೆರೆದರೆ ಮೇಣದಂತೆ ಸುರುಳಿ ಬರುವ ಜಿಡ್ಡು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನೊಂದಿಗೆ ಕೂಡಿ ಆಗುವ ಈ ಜಿಡ್ಡು ನೀರಿನಲ್ಲಿ ಕರಗುವುದಿಲ್ಲ. ಹುಳಿ ತಾಗಿದಾಗ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಆದರೆ ಎಣ್ಣೆಯಂಥ ಕೊಬ್ಬಿನಾಮ್ಲ ಅಲ್ಲೇ ಉಳಿಯುತ್ತದೆ. ಅದನ್ನು ಎಬ್ಬಿಸಲು ಮಾರ್ಜಕ ಬೇಕು. ಬರಿ ವಿನೆಗರ್ ಸೋಲುವುದು ಇಲ್ಲೇ.

ವಿನೆಗರ್ 200 ಮಿ.ಲೀ., ನೀರು 200 ಮಿ.ಲೀ., ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ. ಮೊದಲು ನೀರು ಮತ್ತು ವಿನೆಗರ್ ಹಾಕಿ, ಲಿಕ್ವಿಡನ್ನು ಕೊನೆಗೆ ಸೇರಿಸಿ. ಮೊದಲೇ ಹಾಕಿದರೆ ಬಾಟಲಿ ತುಂಬ ನೊರೆ. ಜೋರಾಗಿ ಕುಲುಕಬೇಡಿ, ನಾಲ್ಕು ಸಲ ಮಗುಚಿದರೆ ಸಾಕು. ಲಿಕ್ವಿಡ್ ಬದಲು ಸ್ನಾನದ ಸೋಪನ್ನು ತುರಿದು ಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ಹುಳಿ ಸೋಪನ್ನು ಒಡೆದು ಬಿಳಿ ಗಂಟು ಮಾಡುತ್ತದೆ. ಸ್ಪ್ರೇ ಬಾಯಿ ಕಟ್ಟುತ್ತದೆ.

ಗೋಡೆ ಒಣಗಿರುವಾಗಲೇ ಈ ದ್ರಾವಣ ಸಿಂಪಡಿಸಿ. ನೀರು ಸುರಿದ ಗೋಡೆಯ ಮೇಲೆ ಅದು ತೆಳುವಾಗಿ ಜಾರಿಹೋಗುತ್ತದೆ. ಟೈಲ್ಸ್ ನಡುವೆ ಗ್ರೌಟ್ ತುಂಬಿದ ಸಂದಿಗಳನ್ನು ಮಾತ್ರ ಮೊದಲು ಒದ್ದೆ ಮಾಡಿ, ಕಾರಣ ಮುಂದೆ ಇದೆ. ಸಿಂಪಡಿಸುವುದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಇಳಿದ ಗೆರೆಗಳಲ್ಲಿ ಮಾತ್ರ ಕೊಳೆ ಬಿಟ್ಟು ಪಟ್ಟೆ ಪಟ್ಟೆ ಕಾಣುತ್ತದೆ. 10 ನಿಮಿಷ ಬಿಡಿ. ಆ ಹೊತ್ತಿಗೆ ಒಣಗುತ್ತ ಬಂದರೆ ಇನ್ನೊಮ್ಮೆ ಸಿಂಪಡಿಸಿ, ಒಣಗಿದ ಹುಳಿ ಏನನ್ನೂ ಕರಗಿಸುವುದಿಲ್ಲ. ಬಳಿಕ ಸ್ಪಂಜಿನಿಂದ ಗುಂಡಗೆ ಉಜ್ಜಿ, ಮೇಲಿನಿಂದ ಕೆಳಕ್ಕೆ ನೀರು ಬಿಟ್ಟು ತೊಳೆಯಿರಿ. ನೆಲಕ್ಕೆ ಎರಡು ಸಲ ನೀರು ಹಾಕಿ, ಲಿಕ್ವಿಡ್ ಉಳಿದರೆ ಕಾಲು ಜಾರುತ್ತದೆ.

ತಿಂಗಳುಗಟ್ಟಲೆ ಮುಟ್ಟದ ಗೋಡೆಯಾದರೆ ವಿನೆಗರನ್ನು ನೀರು ಬೆರೆಸದೆ ಬಳಸಬಹುದು. ಕೈಗೆ ಬೆಚ್ಚಗೆನಿಸುವಷ್ಟು ಬಿಸಿ ಮಾಡಿಕೊಂಡರೆ ಇನ್ನೂ ಬೇಗ ಹಿಡಿಯುತ್ತದೆ. ಕುದಿಸಬೇಡಿ, ಆ ಆವಿ ಕಣ್ಣು ಮೂಗು ಉರಿಸುತ್ತದೆ. ವಿನೆಗರ್ ವಾಸನೆಯೇ ಆಗದವರು 1 ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿಕೊಳ್ಳಲಿ. ವಾಸನೆಯಿಲ್ಲ, ಸುಣ್ಣದ ಮೇಲೆ ವಿನೆಗರ್‌ಗಿಂತ ಚುರುಕು. ಆದರೆ ಪುಡಿ ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದು ಗಟ್ಟಿ ಮಾಡಿಕೊಂಡು ಕುದಿನೀರಿನಲ್ಲಿ ಬಳಸಿದರೆ, ಕರಗಿದ ಸುಣ್ಣವೇ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬಿಳಿ ಪುಡಿಯಾಗಿ ಮತ್ತೆ ಕೂರುತ್ತದೆ. ಅದು ಬಿಸಿನೀರಿಗಿಂತ ತಣ್ಣೀರಿನಲ್ಲಿ ಹೆಚ್ಚು ಕರಗುವ ವಿಚಿತ್ರ ವಸ್ತು.

ಪ್ರಶ್ನೆ: ಶವರ್‌ನ ಅರ್ಧ ತೂತುಗಳಲ್ಲಿ ನೀರೇ ಬರುವುದಿಲ್ಲ, ಉಳಿದವು ಅಡ್ಡಡ್ಡ ಚಿಮ್ಮುತ್ತವೆ. ಪಿನ್ನಿನಿಂದ ಚುಚ್ಚಿದರೆ ಎರಡು ದಿನ ಸರಿ, ಮತ್ತೆ ಅದೇ.

ಉತ್ತರ: ಪಿನ್ನು ಬಿಡಿ. ಅದು ಸುಣ್ಣದ ಹಕ್ಕಳೆಯನ್ನು ಒಳಕ್ಕೆ ನೂಕುತ್ತದೆ, ತೂತಿನ ಅಂಚನ್ನು ಗೀರುತ್ತದೆ. ಒಮ್ಮೆ ಅಂಚು ಕೆಟ್ಟರೆ ಸುಣ್ಣ ಹೋದರೂ ನೀರು ಅಡ್ಡಕ್ಕೇ ಹಾರುವುದು.

ಬಿಚ್ಚಲು ಬರುವಂತಿದ್ದರೆ ಬಿಚ್ಚುವುದೇ ಮೇಲು. ನಲ್ಲಿ ಭದ್ರವಾಗಿ ಮುಚ್ಚಿ, ಶವರ್ ತಲೆಯನ್ನು ಎಡಕ್ಕೆ ತಿರುಗಿಸಿ. ಕೈಗೆ ಬಗ್ಗದಿದ್ದರೆ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ. ಬಟ್ಟೆಯಿಲ್ಲದೆ ಹಾಕಿದರೆ ಪಾಲಿಶ್ ಮೇಲೆ ಹಲ್ಲಿನ ಗುರುತು ಖಾಯಂ. ಇನ್ನೊಂದು ಕೈಯಲ್ಲಿ ಗೋಡೆಯಿಂದ ಬಂದ ಕೊಳವೆಯನ್ನು ಹಿಡಿದಿರಿ. ಅದೂ ಜೊತೆಗೆ ತಿರುಗಿದರೆ ಗೋಡೆಯೊಳಗಿನ ಜೋಡಣೆ ಸಡಿಲವಾಗಿ ಸೋರಲು ಶುರುವಾಗುತ್ತದೆ.

ಬಿಚ್ಚಿದ ಬಾಯಿಯೊಳಗೆ ಒಂದು ರಬ್ಬರ್ ವಾಷರ್, ಹಲವು ಮಾದರಿಗಳಲ್ಲಿ ಅದರ ಹಿಂದೆ ಒಂದು ಸಣ್ಣ ಜಾಲರಿ ಇರುತ್ತದೆ. ಯಾವುದು ಯಾವ ಮುಖವಾಗಿತ್ತೆಂದು ನೋಡಿಟ್ಟುಕೊಂಡು ಎರಡನ್ನೂ ತೆಗೆಯಿರಿ. ನೀರು ಕಡಿಮೆ ಬರುವುದಕ್ಕೆ ಎಷ್ಟೋ ಸಲ ಈ ಜಾಲರಿಯೇ ಕಾರಣ. ಅಲ್ಲಿ ಕೂತಿರುವುದು ಮರಳು, ಪೈಪಿನ ತುಕ್ಕಿನ ಚೂರು. ಅವು ವಿನೆಗರ್‌ಗೆ ಸುಲಭಕ್ಕೆ ಕರಗುವುದಿಲ್ಲ. ಜಾಲರಿಯನ್ನು ತಿರುವಿ ಹಿಡಿದು ನಲ್ಲಿಯ ಧಾರೆಗೆ ಒಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಟ್ಟಿ.

ಶವರ್ ತಲೆಯನ್ನು ಮುಖ ಕೆಳಗಾಗಿ ಬೋಗುಣಿಯಲ್ಲಿಟ್ಟು, ವಿನೆಗರ್ ಮತ್ತು ಬೆಚ್ಚನೆಯ ನೀರನ್ನು ಸಮ ಸಮ ಬೆರೆಸಿ ತೂತುಗಳು ಮುಳುಗುವಷ್ಟು ಹಾಕಿ. ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಸುಣ್ಣ ಕರಗುತ್ತಿದೆ ಎಂದರ್ಥ. ಗುಳ್ಳೆ ನಿಂತರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೇ ಹುಳಿ ಮುಗಿದಿದೆ. 100 ಮಿ.ಲೀ. ವಿನೆಗರ್ ಹೆಚ್ಚೆಂದರೆ 4 ಗ್ರಾಂ ಸುಣ್ಣ ಕರಗಿಸಬಲ್ಲದು, ಅದೂ ಪೂರ್ತಿ ಶಕ್ತಿ ಸುರಿದರೆ. ದಪ್ಪ ಹಕ್ಕಳೆಗೆ ಹೊತ್ತು ಹೆಚ್ಚಿಸುವ ಬದಲು ಹಳೆಯದನ್ನು ಚೆಲ್ಲಿ ಹೊಸ ದ್ರಾವಣ ಹಾಕುವುದು ಜಾಣತನ. ಕ್ರೋಮ್ ಪಾಲಿಶ್ ಇದ್ದರೆ ಒಂದು ಸಲಕ್ಕೆ 30 ನಿಮಿಷ ದಾಟಿಸಬೇಡಿ. ಪೂರ್ತಿ ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆದರೆ ಒಂದು ಗಂಟೆ ಬಿಡಬಹುದು.

ತೆಗೆದ ಮೇಲೆ, ತೂತುಗಳಿಗೆ ಮೆತ್ತನೆಯ ರಬ್ಬರ್ ಮೂತಿ ಇದ್ದರೆ ಹೆಬ್ಬೆರಳಿನಿಂದ ಒತ್ತಿ ಆಚೀಚೆ ಉಜ್ಜಿ, ಒಳಗಿನ ಹಕ್ಕಳೆ ಪುಡಿಯಾಗಿ ಉದುರುತ್ತದೆ. ರಬ್ಬರ್ ಮಾಡಿರುವುದೇ ಅದಕ್ಕೆ. ಗಟ್ಟಿ ತೂತುಗಳಾದರೆ ಬ್ರಷ್ ಆಡಿಸಿ, ಹಟಮಾರಿಗಳಿಗೆ ಮರದ ಹಲ್ಲುಕಡ್ಡಿ. ಮತ್ತೆ ಕೂರಿಸುವ ಮುನ್ನ ಶವರ್ ತಲೆ ಇಲ್ಲದೆಯೇ 10 ಸೆಕೆಂಡು ನೀರು ಬಿಡಿ. ಬಿಚ್ಚುವಾಗ ಸಡಿಲಾದ ಕಸ ಹೊರಬರುತ್ತದೆ. ಇದನ್ನು ಮರೆತರೆ ಆಗಷ್ಟೇ ತೊಳೆದ ಜಾಲರಿಗೇ ಅದು ಬಂದು ಕೂರುತ್ತದೆ. ವಾಷರ್ ಇರುವ ಜೋಡಣೆಗೆ ಟೇಪ್ ಬೇಡ, ಕೈಬಿಗಿ ಸಾಕು. ವಾಷರ್ ಇಲ್ಲದ ಜೋಡಣೆಯಾದರೆ ಕೊಳವೆಯ ತಿರುಪಿನ ಗೆರೆಗಳಿಗೆ ಟೆಫ್ಲಾನ್ ಟೇಪನ್ನು, ಕೊಳವೆಯ ಬಾಯಿ ನಿಮ್ಮ ಮುಖಕ್ಕಿರುವಂತೆ ನೋಡುತ್ತ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೂರು ಸುತ್ತು ಸುತ್ತಿ. ಎದುರು ದಿಕ್ಕಿಗೆ ಸುತ್ತಿದ ಟೇಪ್ ತಿರುಗಿಸುವಾಗ ಬಿಚ್ಚಿ ಮುದ್ದೆಯಾಗುತ್ತದೆ.

ಬಿಚ್ಚಲು ಬಾರದ ಶವರ್‌ಗೆ ಪ್ಲಾಸ್ಟಿಕ್ ಚೀಲದಲ್ಲಿ ಅದೇ ದ್ರಾವಣ ತುಂಬಿ ತಲೆ ಮುಳುಗುವಂತೆ ಕಟ್ಟಿ. ಗಾಳಿಯಾಡದಂತೆ ಬಿಗಿಯಬೇಡಿ, ಅನಿಲ ಹೋಗಲು ದಾರಿ ಇರಲಿ.

ಪ್ರಶ್ನೆ: ಶವರನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿದ್ದೆ. ಬೆಳಗ್ಗೆ ಹೊಳಪು ಹೋಗಿ ಅಲ್ಲಲ್ಲಿ ಹಳದಿ, ಹಸಿರು ಕಾಣುತ್ತಿದೆ. ಮತ್ತೆ ಹೊಳೆಯುವಂತೆ ಮಾಡಬಹುದೇ?

ಉತ್ತರ: ಆಗುವುದಿಲ್ಲ. ಕ್ರೋಮ್ ಎಂಬುದು ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಮೇಲೆ ಕೊಟ್ಟ ಕಾಗದಕ್ಕಿಂತ ತೆಳುವಾದ ಲೇಪ. ಅದರ ಸಣ್ಣ ಬಿರುಕುಗಳೊಳಗೆ ಹುಳಿ ಇಳಿದು ಕೆಳಗಿನ ಲೋಹವನ್ನು ತಿಂದಾಗ ಲೇಪ ಏಳುತ್ತದೆ. ಹಳದಿ ಕಾಣುವುದು ಹಿತ್ತಾಳೆ, ಹಸಿರು ಅದರೊಳಗಿನ ತಾಮ್ರದ ಕಿಲುಬು. ನೀರು ಬರುವುದಕ್ಕೆ ತೊಂದರೆಯಿಲ್ಲ, ಬಳಸುತ್ತಿರಿ. ಚಿನ್ನದ ಬಣ್ಣ, ಮ್ಯಾಟ್ ಕಪ್ಪು, ಕಂಚಿನ ಬಣ್ಣದ ಶವರ್ ಇರುವವರು ವಿನೆಗರ್ ಸೋಕಿಸಲೇಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಅಷ್ಟೇ.

ಪ್ರಶ್ನೆ: ಶವರ್ ಸುತ್ತಲಿನ ಗಾಜು ಮಂಕಾಗಿದೆ. ವಿನೆಗರ್ ಸಿಂಪಡಿಸಿದರೂ ಸ್ವಲ್ಪ ಹೊತ್ತಿಗೆ ಹಾಗೇ.

ಉತ್ತರ: ನಿಂತ ಗಾಜಿನ ಮೇಲೆ ವಿನೆಗರ್ ನಿಲ್ಲುವುದಿಲ್ಲ, ಅರ್ಧ ನಿಮಿಷದಲ್ಲಿ ನೆಲ ಸೇರುತ್ತದೆ. ಟಿಶ್ಯೂ ಕಾಗದವನ್ನೋ ಹಳೆಯ ಹತ್ತಿ ಬಟ್ಟೆಯನ್ನೋ ವಿನೆಗರ್‌ನಲ್ಲಿ ಅದ್ದಿ ಮೊದಲು ಗಾಜಿನ ಒಂದು ಜಾಗಕ್ಕೆ ಅಂಟಿಸಿ. ತಾನಾಗಿ ಅಂಟಿಕೊಳ್ಳುತ್ತದೆ. 20 ನಿಮಿಷದ ನಂತರ ಅದೇ ಕಾಗದದಿಂದ ಉಜ್ಜಿ, ನೀರು ಹಾಕಿ, ವೈಪರ್‌ನಿಂದ ಎಳೆದು, ಒಣಬಟ್ಟೆಯಲ್ಲಿ ಒರೆಸಿ ನೋಡಿ. ತಿಳಿಯಾಗಿದ್ದರೆ ಪೂರ್ತಿ ಗಾಜಿಗೆ ಹೀಗೇ ಮಾಡಿ.

ಎರಡು ಸಲ ಮಾಡಿದರೂ ಆ ಜಾಗ ಮಂಕಾಗಿಯೇ ಇದೆ, ಉಗುರು ಆಡಿಸಿದರೆ ಏನೂ ತಡೆಯುವುದಿಲ್ಲ, ಒದ್ದೆಯಾದಾಗ ತಿಳಿಯಾಗಿ ಒಣಗಿದಾಗ ಮತ್ತೆ ಮಂಕು ಎಂದಾದರೆ ಅದು ಮೇಲಿನ ಕಲೆಯಲ್ಲ, ಗಾಜಿನ ಮೈಯೇ ಸವೆದಿದೆ. ವರ್ಷಗಟ್ಟಲೆ ನೀರು, ಹಕ್ಕಳೆ ಕೂತಲ್ಲಿ ಹೀಗಾಗುತ್ತದೆ. ಯಾವ ಹುಳಿಯೂ ಸೋಡಾವೂ ಅದನ್ನು ಸರಿಮಾಡದು. ಗಾಜು ಪಾಲಿಶ್ ಮಾಡುವವರು ಸೀರಿಯಂ ಆಕ್ಸೈಡ್ ಪುಡಿ ಹಾಕಿ ಯಂತ್ರದಲ್ಲಿ ತಿಕ್ಕಿ ಒಂದು ಮಟ್ಟಕ್ಕೆ ತರಬಲ್ಲರು. ಬ್ಲೇಡಿನಿಂದ ಕೆರೆಯುವ ಸಲಹೆ ಅಲ್ಲಲ್ಲಿ ಓದಿರುತ್ತೀರಿ. ಗಟ್ಟಿಗೊಳಿಸಿದ ಗಾಜಿನ ಮೇಲೆ ಒಂದು ಕಣ ಸಿಕ್ಕಿಕೊಂಡರೂ ಉದ್ದಕ್ಕೆ ಗೀರು ಬೀಳುತ್ತದೆ, ನಮ್ಮ ಮತ ಬೇಡವೆಂದೇ. ನೀರು ನಿಲ್ಲದ ಲೇಪ ಕೊಟ್ಟ ಗಾಜಾದರೆ ತಯಾರಕರ ಸೂಚನೆ ನೋಡದೆ ಹುಳಿ, ಸೋಡಾ ಎರಡೂ ಬೇಡ.

ಪ್ರಶ್ನೆ: ಟೈಲ್ಸ್ ಸಂದಿಯ ಗ್ರೌಟ್ ಕಪ್ಪಾಗಿದೆ. ವಿನೆಗರ್ ಹಾಕಿ ತಿಕ್ಕಿ ತಿಕ್ಕಿ ಈಗ ಸಂದಿಯಿಂದ ಪುಡಿ ಉದುರುತ್ತಿದೆ.

ಉತ್ತರ: ಉದುರುತ್ತಿರುವುದು ಕೊಳೆಯಲ್ಲ, ಗ್ರೌಟೇ. ಸಾಮಾನ್ಯ ಗ್ರೌಟ್ ಸಿಮೆಂಟಿನದು, ಸಿಮೆಂಟಿನ ಜೀವಾಳ ಸುಣ್ಣ. ಹಕ್ಕಳೆಯನ್ನು ಕರಗಿಸುವ ಹುಳಿ ಗ್ರೌಟನ್ನೂ ಕರಗಿಸುತ್ತದೆ; ಅದಕ್ಕೆ ಭೇದ ಗೊತ್ತಿಲ್ಲ. ಟೈಲ್ಸ್‌ಗೆ ಹುಳಿ ಬಳಸುವಾಗ ಗ್ರೌಟನ್ನು ಮೊದಲು ನೀರಿನಲ್ಲಿ ತೋಯಿಸಿ ಎನ್ನುವುದು ಇದಕ್ಕೇ. ಸಣ್ಣ ರಂಧ್ರಗಳಲ್ಲಿ ನೀರು ತುಂಬಿದ್ದರೆ ಹುಳಿ ಒಳಗಿಳಿಯುವುದು ಕಡಿಮೆ. 10 ನಿಮಿಷದೊಳಗೆ ತೊಳೆದುಬಿಟ್ಟರೆ ಆಗೊಮ್ಮೆ ಈಗೊಮ್ಮೆ ತಾಗಿದ್ದರಿಂದ ದೊಡ್ಡ ಹಾನಿಯಿಲ್ಲ.

ಕಪ್ಪು ಬೂಷ್ಟಿಗೆ ಬೇಕಾದದ್ದು ಹೈಡ್ರೋಜನ್ ಪೆರಾಕ್ಸೈಡ್, ಔಷಧಿ ಅಂಗಡಿಯಲ್ಲಿ ಸಿಗುವ 3 ಪ್ರತಿಶತದ್ದು. ಸೋಡಾ 3 ದೊಡ್ಡ ಚಮಚ, ಪೆರಾಕ್ಸೈಡ್ 1 ದೊಡ್ಡ ಚಮಚ, ಲಿಕ್ವಿಡ್ ನಾಲ್ಕು ಹನಿ. ಕಲಸಿದರೆ ಟೂತ್‌ಪೇಸ್ಟ್‌ನಂತೆ ಆಗಬೇಕು, ನೀರಾದರೆ ಇನ್ನಷ್ಟು ಸೋಡಾ. ಬೇಕಾದಷ್ಟನ್ನೇ ಆಗಲೇ ಕಲಸಿ, ಉಳಿದದ್ದನ್ನು ಮುಚ್ಚಿಡಬೇಡಿ. ಸಂದಿಗುಂಟ ತುಂಬಿ 15 ನಿಮಿಷ ಬಿಟ್ಟು, ಗಟ್ಟಿ ಬಿರುಸಿನ ನೈಲಾನ್ ಬ್ರಷ್‌ನಿಂದ ಹಗುರಾಗಿ ತಿಕ್ಕಿ ತೊಳೆಯಿರಿ. ತಂತಿ ಬ್ರಷ್ ಮತ್ತು ಸ್ಟೀಲ್ ಜುಂಗು ಬೇಡ. ಮುರಿದ ತಂತಿ ಸಂದಿಯಲ್ಲಿ ಉಳಿದು ತುಕ್ಕಿನ ಚುಕ್ಕೆ ಬಿಡುತ್ತದೆ. ಬಣ್ಣದ ಗ್ರೌಟ್ ಆದರೆ ಮೂಲೆಯಲ್ಲಿ ಒಂದಿಂಚು ಪರೀಕ್ಷಿಸಿ, ಪೆರಾಕ್ಸೈಡ್ ಬಣ್ಣ ತೆಳುವಾಗಿಸಬಹುದು.

ಪುಡಿ ಉದುರಿದ ಜಾಗಕ್ಕೆ ಮಾತ್ರ ತೊಳೆಯುವುದು ಮದ್ದಲ್ಲ. ಸಡಿಲಾದದ್ದನ್ನು ಕೆರೆದು ತೆಗೆದು ಹೊಸ ಗ್ರೌಟ್ ತುಂಬಿಸಿ. ಅದು ಪೂರ್ತಿ ಒಣಗಿದ ಮೇಲೆ ಗ್ರೌಟ್ ಸೀಲರ್ ಹಚ್ಚಿದರೆ ನೀರು ಕುಡಿಯುವುದು ಕಡಿಮೆಯಾಗುತ್ತದೆ. ಒಂದು ಹನಿ ನೀರು ಗ್ರೌಟ್ ಮೇಲೆ ಮಣಿಯಂತೆ ನಿಂತರೆ ಸೀಲರ್ ಇನ್ನೂ ಇದೆ, ಇಂಗಿ ಕಪ್ಪಾದರೆ ಮತ್ತೆ ಹಚ್ಚುವ ಹೊತ್ತು.

ಪ್ರಶ್ನೆ: ಗೋಡೆ ಮತ್ತು ನೆಲ ಕೂಡುವಲ್ಲಿ ಹಾಕಿರುವ ಸಿಲಿಕಾನ್ ಪಟ್ಟಿಯಲ್ಲಿ ಕಪ್ಪು ಚುಕ್ಕೆಗಳಿವೆ. ಎಷ್ಟು ಉಜ್ಜಿದರೂ ಹೋಗದು. ಬ್ಲೀಚ್ ಹಾಕಬಹುದೇ?

ಉತ್ತರ: ಹಾಕಬಹುದು, ಉಜ್ಜುವ ಅಗತ್ಯವಿಲ್ಲ. ಬೂಷ್ಟು ಪಟ್ಟಿಯ ಮೈಯೊಳಗೆ ಇಳಿದಿರುವುದರಿಂದ ದ್ರಾವಣ ಅಲ್ಲೇ ನಿಂತಿರಬೇಕು. ಟಿಶ್ಯೂ ಕಾಗದವನ್ನು ಹಗ್ಗದಂತೆ ಹೊಸೆದು ಪಟ್ಟಿಯ ಮೇಲೆ ಉದ್ದಕ್ಕಿಟ್ಟು, 1 ಲೀಟರ್ ತಣ್ಣೀರಿಗೆ 5 ಪ್ರತಿಶತದ ಬ್ಲೀಚ್ 60 ಮಿ.ಲೀ. ಬೆರೆಸಿ ಅದನ್ನು ನೆನೆಸಿ. ಒಂದು ಗಂಟೆ ಬಿಟ್ಟು ತೆಗೆದು, ಧಾರಾಳ ನೀರು ಹಾಕಿ. ಕೈಗವಸು ಹಾಕಿ, ಕಿಟಕಿ ತೆರೆದಿರಲಿ, ಫ್ಯಾನ್ ಓಡುತ್ತಿರಲಿ. ಎರಡು ಸಲ ಮಾಡಿದರೂ ಚುಕ್ಕೆ ಉಳಿದರೆ ಆ ಪಟ್ಟಿಯ ಆಯುಷ್ಯ ಮುಗಿದಿದೆ. ಕತ್ತರಿಸಿ ಪೂರ್ತಿ ತೆಗೆದು, ಸಂದಿಯನ್ನು ಒಣಗಿಸಿ, ಬಚ್ಚಲಿಗೆಂದೇ ಬರುವ ಬೂಷ್ಟು ನಿರೋಧಕ ಸಿಲಿಕಾನ್ ಹಾಕಿಸಿ. ಹಳೆಯದರ ಮೇಲೆ ಹೊಸದನ್ನು ಬಳಿದರೆ ಅಂಟುವುದಿಲ್ಲ. ಹಾಕಿದ ಮೇಲೆ 24 ಗಂಟೆ ನೀರು ಸೋಕಬಾರದು.

ಪ್ರಶ್ನೆ: ವಿನೆಗರ್ ಹಾಕಿದ ದಿನವೇ ಬ್ಲೀಚ್ ಬಳಸಿದರೆ ಏನಾಗುತ್ತದೆ?

ಉತ್ತರ: ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಸಣ್ಣ ಬಚ್ಚಲಿನಲ್ಲಿ, ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವಾಗ ಅದು ಆಸ್ಪತ್ರೆ ಸೇರಿಸುವಷ್ಟು ಕೆಟ್ಟದ್ದು. ಸಿಟ್ರಿಕ್ ಆಸಿಡ್, ನಿಂಬೆರಸ, ಟಾಯ್ಲೆಟ್‌ಗೆ ಹಾಕುವ ಆಸಿಡ್ ಕ್ಲೀನರ್ ಎಲ್ಲಕ್ಕೂ ಇದೇ ಮಾತು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಎಂಬ ಇನ್ನೊಂದು ವಿಷದ ಅನಿಲ. ಹುಳಿಯ ಕೆಲಸ ಒಂದು ದಿನ, ಬ್ಲೀಚ್ ಕೆಲಸ ಬೇರೊಂದು ದಿನ. ವಿನೆಗರ್ ಮತ್ತು ಪೆರಾಕ್ಸೈಡನ್ನೂ ಒಂದೇ ಬಾಟಲಿಯಲ್ಲಿ ಬೆರೆಸಬೇಡಿ, ಪೆರಾಸಿಟಿಕ್ ಆಸಿಡ್ ಆಗಿ ಚರ್ಮ, ಕಣ್ಣು, ಶ್ವಾಸವನ್ನು ಕೆಣಕುತ್ತದೆ. ಬ್ಲೀಚ್ ಹಾಕುವಾಗ ಗಂಟಲು ಕೆರೆದು ಕಣ್ಣು ಉರಿಯತೊಡಗಿದರೆ ತೊಳೆಯುತ್ತ ನಿಲ್ಲದೆ ಮೊದಲು ಹೊರಗೆ ಬಂದು ಗಾಳಿಗೆ ನಿಲ್ಲಿ.

ಪ್ರಶ್ನೆ: ನೆಲದ ಮೂಲೆಯಲ್ಲಿ, ಶಾಂಪೂ ಬಾಟಲಿಯ ತಳದಲ್ಲಿ ನಸುಗೆಂಪು ಲೋಳೆ ಕಟ್ಟುತ್ತದೆ. ನೀರಿನಲ್ಲಿ ಕಬ್ಬಿಣ ಇದೆಯೇ?

ಉತ್ತರ: ಲೋಳೆಯಾಗಿದ್ದು ಬೆರಳಿಗೆ ಜಾರಿದರೆ ಕಬ್ಬಿಣವಲ್ಲ, ಬ್ಯಾಕ್ಟೀರಿಯಾ. ಹೆಚ್ಚಾಗಿ ಸೆರಾಷಿಯಾ ಮಾರ್ಸೆಸೆನ್ಸ್ ಎಂಬುದು. ಸೋಪು, ಶಾಂಪೂ ಉಳಿಕೆಯನ್ನು ಉಂಡು ತೇವದಲ್ಲಿ ಬೆಳೆಯುತ್ತದೆ. ಸೋಡಾಕ್ಕೆ ಲಿಕ್ವಿಡ್ ಬೆರೆಸಿ ಮೊದಲು ತಿಕ್ಕಿ ಲೋಳೆ ತೆಗೆಯಿರಿ, ತೊಳೆಯಿರಿ, ಆಮೇಲೆ ಮೇಲೆ ಹೇಳಿದ ಅಳತೆಯ ಬ್ಲೀಚ್ ನೀರು 10 ನಿಮಿಷ. ಲೋಳೆ ತೆಗೆಯದೆ ನೇರ ಬ್ಲೀಚ್ ಸುರಿದರೆ ಮೇಲಿನ ಪದರ ಸಾಯುತ್ತದೆ, ಕೆಳಗಿನದು ವಾರದಲ್ಲಿ ತಲೆಯೆತ್ತುತ್ತದೆ. ಬಾಟಲಿಗಳನ್ನು ನೆಲದಲ್ಲಿಡದೆ ತಂತಿಯ ಗೂಡಿನಲ್ಲಿಡಿ, ತಳ ಒಣಗುತ್ತದೆ.

ಪ್ರಶ್ನೆ: ನಲ್ಲಿಯ ಕೆಳಗೆ ಕಂದು ಗೆರೆ. ಬ್ಲೀಚ್ ಹಾಕಿದ ಮೇಲೆ ಇನ್ನೂ ಗಾಢವಾಯಿತು!

ಉತ್ತರ: ಇದು ಕಬ್ಬಿಣವೇ. ಬ್ಲೀಚ್ ಕಬ್ಬಿಣಕ್ಕೆ ಇನ್ನಷ್ಟು ಆಮ್ಲಜನಕ ಕೊಟ್ಟು ತುಕ್ಕನ್ನು ಗಟ್ಟಿ ಮಾಡುತ್ತದೆ. ಚೆನ್ನಾಗಿ ತೊಳೆದು ಒಂದು ದಿನ ಬಿಟ್ಟು, 100 ಮಿ.ಲೀ. ಬೆಚ್ಚನೆಯ ನೀರಿಗೆ 2 ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಟಿಶ್ಯೂ ಕಾಗದದಲ್ಲಿ ಅಂಟಿಸಿ ಅರ್ಧ ಗಂಟೆ ಇಡಿ. ಸಿಟ್ರಿಕ್ ಆಸಿಡ್ ಕಬ್ಬಿಣವನ್ನು ಹಿಡಿದುಕೊಂಡು ನೀರಿನೊಂದಿಗೆ ಬಿಡಿಸಿಕೊಂಡು ಬರುತ್ತದೆ. ವಿನೆಗರ್‌ಗೆ ಆ ಹಿಡಿತ ಕಡಿಮೆ.

ಪ್ರಶ್ನೆ: ನಮ್ಮ ಬಚ್ಚಲಿನ ಗೋಡೆಗೆ ಅಮೃತಶಿಲೆ ಹಾಕಿಸಿದ್ದೇವೆ. ನೀರಿನ ಕಲೆಗೆ ನಿಂಬೆಹಣ್ಣು ಉಜ್ಜಬಹುದೇ?

ಉತ್ತರ: ಬೇಡವೇ ಬೇಡ. ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ನೀವು ತೆಗೆಯಬೇಕೆಂದಿರುವ ಕಲೆಯ ಸಗೋತ್ರ. ಹುಳಿ ಎರಡನ್ನೂ ಒಟ್ಟಿಗೇ ತಿನ್ನುತ್ತದೆ, ನಿಂಬೆ ಉಜ್ಜಿದಲ್ಲೆಲ್ಲ ಪಾಲಿಶ್ ಹೋಗಿ ಮಂಕು ಗುರುತು ಉಳಿಯುತ್ತದೆ. ಸುಣ್ಣಕಲ್ಲಿನ ಜಾತಿಯ ಎಲ್ಲ ಕಲ್ಲಿಗೂ ಹೀಗೇ. 1 ಲೀಟರ್ ಬೆಚ್ಚಗಿನ ನೀರಿಗೆ ಅರ್ಧ ಚಮಚ ಲಿಕ್ವಿಡ್ ಹಾಕಿ ಒರೆಸಿ, ಇನ್ನೊಮ್ಮೆ ಬರಿ ನೀರಿನಲ್ಲಿ ಒರೆಸಿ, ಒಣಗಿಸಿ. ಹಕ್ಕಳೆ ದಪ್ಪವಾಗಿ ಕೂತಿದ್ದರೆ ಕಲ್ಲು ಪಾಲಿಶ್ ಮಾಡುವವರನ್ನು ಕರೆಯುವುದೇ ದಾರಿ. ಗ್ರಾನೈಟ್ ಹುಳಿಗೆ ಅಷ್ಟು ಸುಲಭಕ್ಕೆ ಬಗ್ಗದು, ಆದರೂ ಮೇಲಿನ ಸೀಲರ್ ಹಾಳಾಗುತ್ತದೆ. ಅದಕ್ಕೂ ಲಿಕ್ವಿಡ್ ನೀರೇ ಸಾಕು.

ಪ್ರಶ್ನೆ: ಅಕ್ರಿಲಿಕ್ ಶವರ್ ತಳಕ್ಕೆ ಸೋಡಾ ಹಾಕಿ ಉಜ್ಜಬಹುದೇ?

ಉತ್ತರ: ಒಣ ಪುಡಿ ಹಾಕಿ ಒತ್ತಿ ಉಜ್ಜಬೇಡಿ, ಅಕ್ರಿಲಿಕ್ ಮೆದು. ನೀರು ಹೆಚ್ಚು ಹಾಕಿ ಗಂಜಿಯಂತೆ ಮಾಡಿ ಮೆತ್ತನೆಯ ಬಟ್ಟೆಯಲ್ಲಿ ಸವರಿ. ಅಸಿಟೋನ್, ಥಿನ್ನರ್ ಹನಿ ಬಿದ್ದರೂ ಮೈ ಕರಗಿ ಗುರುತು ಉಳಿಯುತ್ತದೆ.

ಪ್ರಶ್ನೆ: ನೀರು ಹೋಗುವ ತೂತಿಗೆ ಸೋಡಾ, ವಿನೆಗರ್, ಕುದಿನೀರು ಹಾಕಿದರೂ ಕಾಲಡಿ ನೀರು ನಿಲ್ಲುತ್ತದೆ.

ಉತ್ತರ: ಶವರ್ ಕೊಳವೆ ಕಟ್ಟುವುದು ಕೂದಲಿನಿಂದ. ಕೂದಲನ್ನು ಸೋಡಾವಾಗಲಿ ವಿನೆಗರ್ ಆಗಲಿ ಕರಗಿಸುವುದಿಲ್ಲ, ಎರಡೂ ಸೇರಿದ ನೊರೆಯಂತೂ ಇಲ್ಲವೇ ಇಲ್ಲ. ಮೇಲಿನ ಜಾಲರಿ ತೆಗೆದು, ಅಂಚಿನಲ್ಲಿ ಮುಳ್ಳುಗಳಿರುವ ಪ್ಲಾಸ್ಟಿಕ್ ಪಟ್ಟಿಯನ್ನೋ ತುದಿ ಬಗ್ಗಿಸಿದ ತಂತಿಯನ್ನೋ ಇಳಿಸಿ, ತಿರುಗಿಸಿ ಮೇಲಕ್ಕೆಳೆಯಿರಿ. ಬರುವುದನ್ನು ನೋಡಿ ಗಾಬರಿಯಾಗಬೇಡಿ. ಕೂದಲು ಬಂದ ಮೇಲೆ ಉಳಿದ ಜಿಡ್ಡಿಗೆ ವಾಷಿಂಗ್ ಸೋಡಾ 3 ದೊಡ್ಡ ಚಮಚವನ್ನು 1 ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಸುರಿಯಿರಿ. ಇದು ಅಡುಗೆ ಸೋಡಾಕ್ಕಿಂತ ಬಹಳ ತೀಕ್ಷ್ಣವಾದ ಕ್ಷಾರ, ಕೈಗವಸು ಬೇಕು, ಅಲ್ಯೂಮಿನಿಯಂಗೆ ತಾಗಬಾರದು. ನೀರು ಕೈ ತಾಳುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಿದ್ದರೆ ಸಾಕು. ಕುದಿನೀರು ಪಿ.ವಿ.ಸಿ. ಕೊಳವೆಯನ್ನು ಮೆತ್ತಗಾಗಿಸಿ ಜೋಡಣೆ ಸಡಿಲಿಸುತ್ತದೆ.

ನೀರು ಸರಾಗ ಹೋಗುತ್ತಿದ್ದೂ ವಾಸನೆ ಬರುತ್ತಿದ್ದರೆ, ಬಳಸದೆ ಬಿಟ್ಟ ಬಚ್ಚಲಾದರೆ, ಕೊಳವೆಯ ಬಾಗಿನಲ್ಲಿ ನಿಲ್ಲಬೇಕಾದ ನೀರು ಆರಿರುತ್ತದೆ. ಒಂದು ತಂಬಿಗೆ ನೀರು ಸುರಿದು ನೋಡಿ, ಖರ್ಚಿಲ್ಲದ ಪರಿಹಾರ.

ಪ್ರಶ್ನೆ: ಶವರ್ ಪರದೆಯ ಕೆಳ ಅಂಚು ಕಪ್ಪಾಗಿದೆ.

ಉತ್ತರ: ಪ್ಲಾಸ್ಟಿಕ್ ಪರದೆಯಾದರೆ ಎರಡು ಟವೆಲ್‌ಗಳ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕಿ, ಮಾಮೂಲಿ ಪುಡಿಯ ಜೊತೆ ಅರ್ಧ ಲೋಟ ಸೋಡಾ, ಬೆಚ್ಚನೆಯ ನೀರು. ಟವೆಲ್ ಅದನ್ನು ಉಜ್ಜುತ್ತದೆ. ಹಿಂಡುವ ಸುತ್ತು ಬೇಡ. ತೆಗೆದ ಕೂಡಲೇ ಬಿಡಿಸಿ ನೇತುಹಾಕಿ, ಮಡಿಕೆಯಲ್ಲಿ ತೇವ ಉಳಿದರೆ ಬೂಷ್ಟು ಅಲ್ಲಿಂದಲೇ ಶುರು.

ಪ್ರಶ್ನೆ: ಇಷ್ಟೆಲ್ಲ ತಿಕ್ಕುವ ಕೆಲಸವೇ ಬಾರದಂತೆ ಮಾಡಲು ಆಗದೇ?

ಉತ್ತರ: ಪೂರ್ತಿ ಆಗದು, ಅರ್ಧಕ್ಕಿಳಿಸಬಹುದು. ಸ್ನಾನ ಮುಗಿದ ಮೇಲೆ ಗೋಡೆ, ಗಾಜಿನ ಮೇಲೆ ಒಂದು ಸಲ ವೈಪರ್ ಎಳೆಯಿರಿ. ನಿಂತ ನೀರು ಹೋದರೆ ಅದರೊಳಗಿನ ಸುಣ್ಣವೂ ಹೋಯಿತು. ಯಾವ ಸ್ಪ್ರೇಯೂ ಇದಕ್ಕೆ ಸಮವಲ್ಲ. ಎಕ್ಸಾಸ್ಟ್ ಫ್ಯಾನನ್ನು ಸ್ನಾನದ ನಂತರ 20 ನಿಮಿಷ ಓಡಿಸಿ. ಗಟ್ಟಿ ಸೋಪಿನ ಬದಲು ಲಿಕ್ವಿಡ್ ಬಾಡಿವಾಶ್ ಬಳಸುವವರ ಮನೆಯಲ್ಲಿ ಆ ಬೂದು ಜಿಡ್ಡು ಕಡಿಮೆ, ಏಕೆಂದರೆ ಬಹುತೇಕ ಬಾಡಿವಾಶ್‌ಗಳಲ್ಲಿರುವ ಮಾರ್ಜಕ ಕ್ಯಾಲ್ಸಿಯಂ ಜೊತೆ ಗಂಟು ಕಟ್ಟುವುದಿಲ್ಲ. ಹಾಗೆಂದು ಇಷ್ಟದ ಸೋಪು ಬಿಡಬೇಕಾಗಿಲ್ಲ, ವೈಪರ್ ಇದ್ದರಾಯಿತು.

ಪ್ರಶ್ನೆ: ಮಾಡಿಟ್ಟ ದ್ರಾವಣ ಎಷ್ಟು ದಿನ ಇರುತ್ತದೆ? ನಿಂಬೆ ಸಿಪ್ಪೆ ಹಾಕಿಡಬಹುದೇ?

ಉತ್ತರ: ವಿನೆಗರ್, ನೀರು, ಲಿಕ್ವಿಡ್ ಬೆರೆಸಿದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ಸಿಟ್ರಿಕ್ ಆಸಿಡ್ ನೀರಿನಲ್ಲಿ ಕೆಲವು ವಾರಗಳಲ್ಲಿ ದಾರದಂತೆ ಬೂಷ್ಟು ಬೆಳೆಯಬಹುದು, ಎರಡು ವಾರಕ್ಕೆ ಬೇಕಾದಷ್ಟೇ ಮಾಡಿ. ಪೆರಾಕ್ಸೈಡ್ ಬೆಳಕಿಗೆ ಒಡೆದು ನೀರಾಗುತ್ತದೆ, ಅದರದೇ ಕಪ್ಪು ಬಾಟಲಿಯಲ್ಲಿರಲಿ. ಒಂದು ಹನಿ ಕೊಳೆಯ ಮೇಲೆ ಹಾಕಿದಾಗ ಗುಳ್ಳೆಯೇ ಬಾರದಿದ್ದರೆ ಅದರ ಕಥೆ ಮುಗಿದಂತೆ. ಬ್ಲೀಚ್ ಬೆರೆಸಿದ ನೀರು ಅಂದಂದಿಗೆ. ನಿಂಬೆ ಸಿಪ್ಪೆಯಿಂದ ಪರಿಮಳ ಬರುತ್ತದೆ, ಶುಚಿಯ ಬಲ ಹೆಚ್ಚುವುದಿಲ್ಲ. ಹಾಕುವುದಾದರೆ ಸೋಸಿ ತುಂಬಿ, ನಾರು ಸ್ಪ್ರೇ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕುಡಿಯುವ ನೀರಿನ ಬಾಟಲಿಗೆ ಯಾವುದನ್ನೂ ತುಂಬಬೇಡಿ. ಬಾಟಲಿಯ ಮೇಲೆ ಒಳಗೇನಿದೆ, ಯಾವತ್ತು ಮಾಡಿದ್ದು ಎಂದು ಅಳಿಸದ ಶಾಯಿಯಲ್ಲಿ ಬರೆಯಿರಿ. ಹುಳಿಯ ಬಾಟಲಿ ಒಂದು ಕಪಾಟಿನಲ್ಲಿ, ಬ್ಲೀಚ್ ಇನ್ನೊಂದರಲ್ಲಿ, ಎರಡೂ ಮಕ್ಕಳ ಕೈಗೆಟುಕದ ಎತ್ತರದಲ್ಲಿ.